ಯೀಸ್ಟ್ ಹಾಕದ ಹಿಟ್ಟು

ಗಣೇಶನ ಹಬ್ಬದ ಸಂಚಿಕೆಗೆ ಬಿಯರ್ ಬಗ್ಗೆ ಬರೆಯಲೇ ಎಂದು ಕೇಳಿದಾಗ ಸಂಪಾದಕರು ಹುಬ್ಬೇರಿಸಿದರು. ಆಮೇಲೆ ದನಿ ತಗ್ಗಿಸಿ, "ಹೋದ ಸಲದ್ದು ಹೇಗೆ ಬಂತು?" ಎಂದರು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಈ ಹುಚ್ಚು ಹತ್ತಿ ಇನ್ನೂ ವರ್ಷ ತುಂಬಿಲ್ಲ. ಆಫೀಸಿನವರ ಜೊತೆ ಸಿಯಾಟಲ್‌ನ ಒಂದು ಬ್ರೂವರಿಗೆ ಹೋದವನು, ಹೆಸರಿನಲ್ಲಿ ಇಂಡಿಯಾ ಇದೆಯೆಂಬ ಒಂದೇ ಕಾರಣಕ್ಕೆ ಇಂಡಿಯಾ ಪೇಲ್ ಏಲ್ ಕೇಳಿದೆ. ಅದು ನಮ್ಮ ದೇಶದ್ದಲ್ಲ, ಇಂಗ್ಲೆಂಡಿನಿಂದ ನಮ್ಮ ದೇಶಕ್ಕೆ ಹಡಗು ಹತ್ತುತ್ತಿದ್ದ ಬಿಯರಿನ ವಂಶದ್ದು ಎಂದು ಆಮೇಲೆ ಗೊತ್ತಾಯಿತು. ಮೊದಲ ಗುಟುಕು ಹಾಗಲಕಾಯಿ. ಎರಡನೆಯದಕ್ಕೆ ಹೇರಳೆಕಾಯಿ ಸಿಪ್ಪೆಯ ಘಮ. ಹೇರಳೆಕಾಯಿ! ಎಷ್ಟು ವರ್ಷವಾಗಿತ್ತು ಅದನ್ನು ಮೂಸಿ. ಕ್ಯಾಸ್ಕೇಡ್ ಎಂಬ ಹಾಪ್ಸ್‌ನ ಗುಣ ಅದು ಎಂದು ಬಾರಿನವನು ಹೇಳಿದ.

ಅಲ್ಲಿಂದ ನನ್ನನ್ನು ಹಿಡಿಯುವವರಿಲ್ಲ. ಯಾಕಿಮಾಕ್ಕೆ ಹೋಗಿ, ವೀಳ್ಯದೆಲೆ ತೋಟದ ಹಾಗೆ ದಾರಕ್ಕೆ ಹಬ್ಬಿ ಎತ್ತರಕ್ಕೇರುವ ಹಾಪ್ಸ್ ಬಳ್ಳಿ ನೋಡಿ ಬಂದೆ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಈ ದೇಶದಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳಲು ದಾರಿಯಾಯಿತೆಂದು ಓದಿ, ಐದು ಗ್ಯಾಲನ್ನಿನ ಬಕೆಟ್ಟೂ ತಂದೆ.

ಆರು ತಿಂಗಳಿಗೆಂದು ತಿಪಟೂರಿನಿಂದ ಅಮ್ಮ ಬಂದಿದ್ದಾರೆ. ಅವರ ಮುಂದೆ ಬಿಯರ್ ಮಾಡುವುದು ಹೇಗೆಂಬ ಅಳುಕಿತ್ತು. ಆದರೆ ಮಾಲ್ಟ್ ಚೀಲ ಬಿಚ್ಚಿದ್ದೇ ತಡ, ಅಡುಗೆಮನೆಗೆ ಬಂದು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು. "ಬಾರ್ಲಿನಾ? ಮೊಳಕೆ ಕಟ್ಟಿ ಒಣಗಿಸಿದಾರಲ್ಲೋ!" ನಾನು ತಿಂಗಳುಗಟ್ಟಲೆ ಓದಿ ತಿಳಿದದ್ದು ಅಷ್ಟೇ. ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಹುಟ್ಟುತ್ತವೆ. ನುಚ್ಚು ಮಾಡಿ 67 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದರೆ ನೀರು ಸಿಹಿಯಾಗುತ್ತದೆ. ಅದರ ರುಚಿ ನೋಡಿ ಅಮ್ಮ, "ನಿನಗೆ ರಾಗಿ ಸರಿ ಮಾಡ್ತಿದ್ದದ್ದೂ ಹೀಗೇ ಮೊಳಕೆ ಕಟ್ಟಿ" ಎಂದರು. ಸೋಸಿ ಉಳಿದ ಹೊಟ್ಟನ್ನು ಕಸಕ್ಕೆ ಹಾಕುವಾಗ, ಹಸುವಿಗಾದರೂ ಆಗುತ್ತಿತ್ತಲ್ಲ ಎಂದು ಮರುಗಿದರು. ದೊಡ್ಡ ಬ್ರೂವರಿಗಳು ಅದನ್ನೇ ಮಾಡುತ್ತವೆ. ಹಾಗೆಂದು ಅಮ್ಮ ಒಪ್ಪಿಬಿಟ್ಟರು ಎಂದುಕೊಳ್ಳಬೇಡಿ. ಯೀಸ್ಟ್ ಬಿದ್ದ ಮೇಲೆ ಬಕೆಟ್ಟು ದೇವರ ಗೂಡಿನ ಹತ್ತಿರದಿಂದ ಗ್ಯಾರೇಜಿಗೆ ಹೋಯಿತು.

ಹಬ್ಬ ಎಂದಿನಂತೆ ಶನಿವಾರಕ್ಕೆ ಜಾರಿತ್ತು. ಕಡುಬು ಫ್ರೀಜರಿನದು, ಇಡ್ಲಿ ಹಿಟ್ಟು ಇಂಡಿಯನ್ ಸ್ಟೋರಿನ ಡಬ್ಬಿಯದು. ಊಟಕ್ಕೆ ಕೂತಾಗ ಮಗ ಕೇಳಿದ: "ಅಪ್ಪ, ಬಿಯರ್ ಮನೇಲಿ ಮಾಡ್ತೀಯ. ಇಡ್ಲಿ ಬ್ಯಾಟರ್ ಯಾಕೆ ಅಂಗಡಿಯಿಂದ ತರ್ತೀಯ?"

"ಟೈಮ್ ಎಲ್ಲಿದೆ ಪುಟ್ಟ?" ಎಂದೆ. ಹಿಂದಿನ ವಾರ ಆರು ಗಂಟೆ ಹೊತ್ತು ನನ್ನ ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ನಿಂತಿದ್ದವನು ಅವನೇ. ಏನೂ ಅನ್ನಲಿಲ್ಲ. ಅಮ್ಮನೂ ಅನ್ನಲಿಲ್ಲ, ಸಾಂಬಾರ್ ಬಡಿಸಿದರು.

ಹತ್ತು ವರ್ಷದ ಹುಡುಗ ವರ್ಟ್, ಏರ್‌ಲಾಕ್ ಎಂದೆಲ್ಲ ಪಟಪಟ ಹೇಳುತ್ತಾನೆಂದು ಸ್ನೇಹಿತರ ಮುಂದೆ ಬೀಗಿದ್ದೆ. ಉದ್ದು ನುಣ್ಣಗಿರಬೇಕು, ಅಕ್ಕಿ ತರಿತರಿ ಇರಬೇಕು ಎಂಬ ಮಾತು ಅವನ ಕಿವಿಗೆ ಯಾವತ್ತು ಬಿದ್ದಿತ್ತು? ಭಾನುವಾರದ ಕನ್ನಡ ತರಗತಿಯಲ್ಲಿ ಕಾಗುಣಿತ ತಿದ್ದಿಸುತ್ತೇವೆ, ಸರಿ. ಒಂದು ಶನಿವಾರ ಮಕ್ಕಳನ್ನು ಕೂಡಿಸಿಕೊಂಡು ಹಿಟ್ಟು ರುಬ್ಬಿಸಬಾರದೇ? ಸಮಿತಿಯವರು ಯೋಚಿಸಲಿ. ಮುಂದಿನ ಶನಿವಾರ ಮಾತ್ರ ಬೇಡ, ಹಾಪ್ಸ್ ಕೊಯ್ಲು ಮುಗಿಯುವ ಮೊದಲು ನಾನು ಯಾಕಿಮಾಕ್ಕೆ ಹೋಗಬೇಕು.

ಮರುದಿನ ಬೆಳಿಗ್ಗೆ ನೋಡಿದರೆ ಅಕ್ಕಿ, ಉದ್ದು ನೆನೆದಿದ್ದವು. ಸಂಜೆ ಅಮ್ಮ ರುಬ್ಬಿದರು, ಮಗ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ನಿಂತ.

"ಅಜ್ಜಿ, ಯೀಸ್ಟ್ ಯಾವಾಗ ಹಾಕೋದು?"

"ಅದೆಂಥದ್ದೂ ಬೇಡ. ಕೈಯಲ್ಲಿ ಕಲಸಿಟ್ಟರೆ ತಾನೇ ಉಬ್ಬುತ್ತೆ."

ಕಾಳಿನ ಜೊತೆಗೇ ಬರುವ ಬ್ಯಾಕ್ಟೀರಿಯಾ ಈ ಹಿಟ್ಟನ್ನು ಹುಳಿಯೇರಿಸಿ ಉಬ್ಬಿಸುತ್ತವೆ ಎಂದು ವಿವರಿಸಲು ಬಾಯಿ ತೆರೆದೆ. ಬವೇರಿಯಾದವರು 1516ರಲ್ಲಿ ಬರೆದ ಬಿಯರಿನ ಕಟ್ಟಳೆ ನೆನಪಾಯಿತು. ಬಾರ್ಲಿ, ಹಾಪ್ಸ್, ನೀರು, ಅಷ್ಟೇ. ಅದರಲ್ಲೂ ಯೀಸ್ಟಿನ ಹೆಸರಿಲ್ಲ. ಬಾಯಿ ಮುಚ್ಚಿಕೊಂಡೆ.

ಅಮ್ಮ ಬಳೆ ಹಿಂದೆ ಸರಿಸಿ ಪಾತ್ರೆಗೆ ಕೈ ಹಾಕಲು ಹೋದರು. ಬ್ರೂಯಿಂಗಿನಲ್ಲಿ ಎಲ್ಲಕ್ಕೂ ಮಡಿ ನೋಡಿ. ಅಭ್ಯಾಸಬಲದಿಂದ ನಾನು ಸ್ಯಾನಿಟೈಸರ್ ಬಾಟಲಿ ಎತ್ತಿಕೊಂಡು ಅವರ ಕೈಗೆ ಸಿಂಪಡಿಸಲು ಮುಂದಾದೆ.

"ನನ್ನ ಕೈಗೇನಾಗಿದೆಯೋ?" ಎಂದರು ಅಮ್ಮ.

ಅಷ್ಟರಲ್ಲಿ ಮಗ ಮೊಣಕೈವರೆಗೆ ಹಿಟ್ಟಿನೊಳಗೆ ಇಳಿದಿದ್ದ.