ಯಾರನ್ನು ಕೇಳಿ ಕೊಟ್ಟಿರಿ?

1962ರ ಏಪ್ರಿಲ್‌ನಲ್ಲಿ ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ತಂಡದವರು ಕ್ಯಾಚರ್ ಹ್ಯಾರಿ ಚಿಟಿಯವರನ್ನು ನ್ಯೂಯಾರ್ಕ್ ಮೆಟ್ಸ್ ತಂಡಕ್ಕೆ ಕೊಟ್ಟರು. ಬದಲಿಗೆ ಒಬ್ಬ ಆಟಗಾರ ಬರಬೇಕು, ಅದು ಯಾರೆಂದು ಆಮೇಲೆ ತೀರ್ಮಾನಿಸಿಕೊಳ್ಳೋಣ ಎಂದು ಮಾತಾಯಿತು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಇಂಥ ಬಾಕಿ ವ್ಯವಹಾರ ಇಂದಿಗೂ ಮಾಮೂಲು. ಮೆಟ್ಸ್‌ಗೆ ಅದು ಹುಟ್ಟಿದ ವರ್ಷ. ಆ ಒಂದೇ ಹಂಗಾಮಿನಲ್ಲಿ ತಂಡ 120 ಪಂದ್ಯ ಸೋತಿತು. ಚಿಟಿ ಹದಿನೈದು ಪಂದ್ಯ ಆಡಿದರು, ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಜೂನ್ 15ಕ್ಕೆ ಮೆಟ್ಸ್ ತನ್ನ ಬಾಕಿ ತೀರಿಸಿತು. ಹಾಗೆ ಕ್ಲೀವ್‌ಲ್ಯಾಂಡ್‌ಗೆ ಕಳಿಸಿಕೊಟ್ಟ ಆಟಗಾರ ಬೇರೆ ಯಾರೂ ಅಲ್ಲ, ಅದೇ ಹ್ಯಾರಿ ಚಿಟಿ. ತನಗೆ ತಾನೇ ಬದಲಿಯಾಗಿ ಹೋದ ಆಟಗಾರ ಎಂದು ಅವರ ಹೆಸರು ಚರಿತ್ರೆಯಲ್ಲಿ ಉಳಿಯಿತು.

ನಗು ಬರುವ ಪ್ರಸಂಗವೇ. ಲೆಕ್ಕದ ಪುಸ್ತಕದಲ್ಲಿ ಕೊಟ್ಟದ್ದೂ ಬಂದದ್ದೂ ಸರಿಹೋಗಿ ಉಳಿಕೆ ಸೊನ್ನೆಯಾಯಿತು. ಎರಡು ತಿಂಗಳೊಳಗೆ ಎರಡು ಸಲ ಗಂಟುಮೂಟೆ ಕಟ್ಟಿದ ಮನುಷ್ಯ ಮಾತ್ರ ಆ ಪುಸ್ತಕದ ಯಾವ ಕಾಲಮ್ಮಿನಲ್ಲೂ ಕಾಣಿಸುವುದಿಲ್ಲ. ಹೋಗಲು ಇಷ್ಟವಿದೆಯೇ ಎಂದು ಅವರನ್ನು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ.

ವರ್ಲ್ಡ್ ಸೀರೀಸ್ ಮುಗಿದು ಮೈದಾನಗಳು ಖಾಲಿಯಾದ ಮೇಲೆ, ನವೆಂಬರ್‌ನಿಂದ ಫೆಬ್ರುವರಿಯವರೆಗೆ, ಬೇಸ್‌ಬಾಲ್ ನಡೆಯುವುದು ಕಚೇರಿಗಳಲ್ಲಿ. ಡಿಸೆಂಬರ್‌ನಲ್ಲಿ ಮೂವತ್ತು ತಂಡಗಳ ಅಧಿಕಾರಿಗಳೂ ಆಟಗಾರರ ಏಜೆಂಟರೂ ಒಂದು ದೊಡ್ಡ ಹೋಟೆಲಿನಲ್ಲಿ ಸೇರುತ್ತಾರೆ. ಇಬ್ಬರು ಹುಡುಗರಿಗೆ ಒಬ್ಬ ಪಿಚರ್, ಒಬ್ಬ ಪಿಚರ್‌ಗೆ ನಾಲ್ವರು ಹುಡುಗರು ಎಂದು ಮಾತುಕತೆ ನಡೆಯುತ್ತದೆ. ಇದೇನು, ಮನುಷ್ಯರನ್ನು ಹೀಗೆ ಕೊಟ್ಟು ತೆಗೆದುಕೊಳ್ಳುವುದೇ ಎಂದು ಹೊಸಬರು ಕೇಳಿದರೆ ವಕೀಲರ ಉತ್ತರ ಸಿದ್ಧವಾಗಿದೆ: ಕೈ ಬದಲಾಗುವುದು ಕರಾರು ಪತ್ರ, ಮನುಷ್ಯನಲ್ಲ.

ಆದರೆ ಕರಾರು ಪತ್ರ ಚೆಂಡು ಎಸೆಯುವುದಿಲ್ಲ.

ಈ ಉತ್ತರವನ್ನು ಕೊನೆಯವರೆಗೂ ಒಪ್ಪದೆ ಹೋದವರು ಕರ್ಟ್ ಫ್ಲಡ್. ಹ್ಯೂಸ್ಟನ್‌ನಲ್ಲಿ 1938ರಲ್ಲಿ ಹುಟ್ಟಿ, ಓಕ್‌ಲ್ಯಾಂಡ್‌ನಲ್ಲಿ ಬೆಳೆದ ಕಪ್ಪು ಹುಡುಗ. ಹದಿಹರೆಯದಲ್ಲಿ ದಕ್ಷಿಣದ ಕಿರಿಯ ಲೀಗುಗಳಲ್ಲಿ ಆಡುವಾಗ ಬಿಳಿಯ ಸಹ ಆಟಗಾರರ ಜೊತೆ ಕೂತು ಉಣ್ಣುವ ಹಾಗಿರಲಿಲ್ಲ. 1958ರಲ್ಲಿ ಸೇಂಟ್ ಲೂಯಿ ಕಾರ್ಡಿನಲ್ಸ್ ಸೇರಿದ ಅವರು ಅಲ್ಲಿ ಹನ್ನೆರಡು ಹಂಗಾಮು ಆಡಿದರು. ತಂಡ ಎರಡು ಸಲ ವರ್ಲ್ಡ್ ಸೀರೀಸ್ ಗೆದ್ದಾಗಲೂ ಸೆಂಟರ್ ಫೀಲ್ಡ್‌ನಲ್ಲಿ ಇದ್ದವರು ಅವರೇ. ಶ್ರೇಷ್ಠ ಕ್ಷೇತ್ರರಕ್ಷಣೆಗೆ ಕೊಡುವ ಗೋಲ್ಡ್ ಗ್ಲವ್ ಏಳು ವರ್ಷ ಸತತವಾಗಿ ಅವರ ಪಾಲಾಗಿತ್ತು. 1969ರ ಅಕ್ಟೋಬರ್‌ನಲ್ಲಿ ಒಂದು ದಿನ ಫೋನ್ ಬಂತು. ಫಿಲಡೆಲ್ಫಿಯಾ ಫಿಲೀಸ್ ತಂಡಕ್ಕೆ ಕೊಟ್ಟಿದ್ದೇವೆ ಎಂದು ಕಚೇರಿಯ ಒಬ್ಬ ಅಧಿಕಾರಿ ತಿಳಿಸಿದರು. ಅಲ್ಲಿಂದ ಬರುತ್ತಿದ್ದವರಲ್ಲಿ ಡಿಕ್ ಆ್ಯಲನ್ ಪ್ರಮುಖರು.

ಆಗಿನ ಪ್ರತಿ ಆಟಗಾರನ ಕರಾರಿನಲ್ಲೂ ‘ರಿಸರ್ವ್ ಕ್ಲಾಜ್’ ಎಂಬ ಷರತ್ತು ಇರುತ್ತಿತ್ತು. ಕರಾರು ಒಂದು ವರ್ಷದ್ದೇ. ಆದರೆ ಅದನ್ನು ಮುಂದಿನ ವರ್ಷಕ್ಕೆ ವಿಸ್ತರಿಸುವ ಹಕ್ಕು ತಂಡಕ್ಕೆ ಇತ್ತು. ವಿಸ್ತರಿಸಿದ ಕರಾರಿನಲ್ಲೂ ಅದೇ ಷರತ್ತು ಇದೆ, ಆದ್ದರಿಂದ ಮತ್ತೊಂದು ವರ್ಷ, ಅದರಾಚೆ ಇನ್ನೊಂದು ಎಂದು ಮಾಲೀಕರು ಅರ್ಥ ಮಾಡಿಕೊಂಡಿದ್ದರು. ಅಂದರೆ ಒಮ್ಮೆ ಸಹಿ ಹಾಕಿದ ಆಟಗಾರ, ತಂಡವೇ ಅವನನ್ನು ಬಿಡುವವರೆಗೂ ತಂಡದವನೇ. ಅವನಿಗಿದ್ದ ಆಯ್ಕೆ ಎರಡೇ: ಹೇಳಿದಲ್ಲಿಗೆ ಹೋಗುವುದು ಅಥವಾ ಆಟವನ್ನೇ ಬಿಡುವುದು.

ಆ ಡಿಸೆಂಬರ್ 24ರಂದು ಫ್ಲಡ್, ಬೇಸ್‌ಬಾಲ್ ಕಮಿಷನರ್ ಬೋವಿ ಕೂನ್‌ಗೆ ಪತ್ರ ಬರೆದರು. ಇಷ್ಟು ವರ್ಷ ಆಡಿದ ಮೇಲೂ ನನ್ನ ಇಷ್ಟಾನಿಷ್ಟ ಕೇಳದೆ ಕೊಂಡು ಮಾರುವ ಸ್ವತ್ತು ನಾನಲ್ಲ, ಬೇರೆ ತಂಡಗಳ ಆಹ್ವಾನಗಳನ್ನೂ ನೋಡಿ ತೀರ್ಮಾನಿಸುವ ಹಕ್ಕು ನನಗಿದೆ ಎಂಬುದು ಅದರ ತಾತ್ಪರ್ಯ. ಕೂನ್ ಕೊಟ್ಟ ಉತ್ತರ ಸೊಗಸಾಗಿದೆ. ಮನುಷ್ಯರಾದ ನೀವು ಕೊಂಡು ಮಾರುವ ಸ್ವತ್ತಲ್ಲ ಎಂಬುದು ನನಗೂ ಒಪ್ಪಿಗೆ, ಆದರೆ ಈ ಸಂದರ್ಭಕ್ಕೂ ಅದಕ್ಕೂ ಏನು ಸಂಬಂಧವೋ ತಿಳಿಯಲಿಲ್ಲ ಎಂದರು. ತತ್ವ ಸರಿ, ಅನ್ವಯ ಮಾತ್ರ ಇಲ್ಲಿಗಲ್ಲ! ಜಗತ್ತಿನ ಎಷ್ಟೋ ಒಳ್ಳೆಯ ತತ್ವಗಳು ಸತ್ತಿರುವುದು ಹೀಗೆ ಸಭ್ಯವಾಗಿ ಬರೆದ ಎರಡನೆಯ ವಾಕ್ಯದಲ್ಲಿ.

ಫ್ಲಡ್ ಅವರ ಸಂಬಳ ಆಗ ವರ್ಷಕ್ಕೆ 90,000 ಡಾಲರ್. ಇಷ್ಟು ದುಡ್ಡು ಎಣಿಸುವವನಿಗೆ ಗುಲಾಮಗಿರಿಯ ಮಾತೇಕೆ ಎಂದು ಪತ್ರಿಕೆಗಳು ಕುಟುಕಿದವು. ಟೆಲಿವಿಷನ್ ಸಂದರ್ಶನದಲ್ಲೂ ಅದೇ ಪ್ರಶ್ನೆ ಎದುರಾಯಿತು. ಸಂಬಳ ಹೆಚ್ಚಾದ ಮಾತ್ರಕ್ಕೆ ಗುಲಾಮ ಗುಲಾಮನಾಗದೆ ಹೋಗುವುದಿಲ್ಲ ಎಂಬ ಅರ್ಥದ ಅವರ ಉತ್ತರವನ್ನು ಅನೇಕರು ಅತಿಶಯೋಕ್ತಿ ಎಂದರು. ಪದ ಹೆಚ್ಚಾಯಿತು ಎಂದು ಇಂದಿಗೂ ವಾದಿಸಬಹುದು. ಹಾಗೆ ಹೇಳುವ ಮುನ್ನ, ಆ ಮನುಷ್ಯ ದಕ್ಷಿಣದ ಊರುಗಳಲ್ಲಿ ಕಂಡುಂಡದ್ದನ್ನು ನೆನೆಯುವುದು ಮರ್ಯಾದೆ.

ಫ್ಲಡ್ ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಹಿಂದೆ ನ್ಯಾಯಾಧೀಶರಾಗಿ ಕೂತಿದ್ದ ಆರ್ಥರ್ ಗೋಲ್ಡ್‌ಬರ್ಗ್ ಅವರ ಪರವಾಗಿ ವಾದಿಸಿದರು. ಕೆಳಗಿನ ಕೋರ್ಟಿನ ವಿಚಾರಣೆಯಲ್ಲಿ ನಿವೃತ್ತ ಆಟಗಾರ ಜಾಕಿ ರಾಬಿನ್ಸನ್ ಬಂದು ಸಾಕ್ಷಿ ಹೇಳಿದ್ದರು. ಆಗ ಆಡುತ್ತಿದ್ದ ಒಬ್ಬ ಆಟಗಾರನೂ ಬಂದಿರಲಿಲ್ಲ. 1972ರಲ್ಲಿ ತೀರ್ಪು 5–3ರಿಂದ ಫ್ಲಡ್ ವಿರುದ್ಧ ಬಂತು. ಒಂಬತ್ತನೆಯ ನ್ಯಾಯಾಧೀಶ ಪಾವೆಲ್ ಹಿಂದೆ ಸರಿದಿದ್ದರು. ಕಾರ್ಡಿನಲ್ಸ್ ತಂಡದ ಒಡೆತನ ಹೊಂದಿದ್ದ ಬಿಯರ್ ಕಂಪನಿಯ ಷೇರು ಅವರ ಬಳಿ ಇತ್ತು. ತೀರ್ಪು ಬರೆದ ಬ್ಲ್ಯಾಕ್‌ಮನ್ ಮೊದಲ ಭಾಗದಲ್ಲಿ ಆಟದ ಹಿರಿಮೆಯನ್ನು ಕೊಂಡಾಡಿ ಎಂಬತ್ತಕ್ಕೂ ಹೆಚ್ಚು ಹಳೆಯ ಆಟಗಾರರ ಹೆಸರು ಪಟ್ಟಿ ಮಾಡಿದರು. ಆಮೇಲೆ, ಬೇಸ್‌ಬಾಲ್‌ಗೆ 1922ರಲ್ಲಿ ಇದೇ ಕೋರ್ಟು ಕೊಟ್ಟ ಏಕಸ್ವಾಮ್ಯ ಕಾನೂನಿನ ವಿನಾಯಿತಿ ವಿಚಿತ್ರವೇ, ಅಸಂಗತವೇ ಎಂದು ಒಪ್ಪಿಕೊಂಡರು. ಸರಿಪಡಿಸುವುದು ಸಂಸತ್ತಿನ ಕೆಲಸ ಎಂದು ಕೈ ತೊಳೆದುಕೊಂಡರು.

ಕನ್ನಡದ ಓದುಗರಿಗೆ ಈ ಸಭೆ ಎಲ್ಲೋ ನೋಡಿದ ಹಾಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಜೂಜಿನಲ್ಲಿ ಸೋತ ಹೆಂಡತಿಯನ್ನು ಕರೆತರಲು ದೂತ ಬಂದಾಗ ದ್ರೌಪದಿ ಅಳುವುದಕ್ಕೂ ಮೊದಲು ಒಂದು ಕಾನೂನಿನ ಪ್ರಶ್ನೆ ಕಳಿಸುತ್ತಾಳೆ: ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ಪಣ ದೊಡ್ಡದೋ ಚಿಕ್ಕದೋ ಎಂಬುದು ಅವಳ ತಕರಾರಲ್ಲ. ಪಣಕ್ಕಿಡುವ ಅಧಿಕಾರ ಎಲ್ಲಿಂದ ಬಂತು ಎಂಬುದನ್ನು ಅವಳು ಕೇಳುತ್ತಾಳೆ. ತುಂಬಿದ ಸಭೆಯಲ್ಲಿ ಭೀಷ್ಮರಿಗೆ ಅದರ ತೂಕ ಗೊತ್ತು. ಆದರೂ ಧರ್ಮದ ಗತಿ ಸೂಕ್ಷ್ಮ ಎಂದು ಅವರು ಜಾರಿಕೊಳ್ಳುತ್ತಾರೆ. ಫ್ಲಡ್ ಕೇಳಿದ್ದೂ ಬೆಲೆಯ ಪ್ರಶ್ನೆಯಲ್ಲ, ಅಧಿಕಾರದ ಪ್ರಶ್ನೆ. ತೊಂಬತ್ತು ಸಾವಿರವನ್ನು ಒಂಬತ್ತು ಲಕ್ಷ ಮಾಡಿದರೂ ಅದು ಅಲ್ಲೇ ನಿಲ್ಲುತ್ತದೆ.

ಬೆಲೆ ಇರುವ ವಸ್ತುವಿಗೆ ಸಮನಾದ ಇನ್ನೊಂದನ್ನು ಅದರ ಜಾಗದಲ್ಲಿ ಇಡಬಹುದು, ಘನತೆ ಇರುವುದಕ್ಕೆ ಹಾಗೆ ಬದಲಿ ಇಲ್ಲ ಎಂದು ಜರ್ಮನಿಯ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಪ್ರಕಟಿಸಿದ ನೀತಿಶಾಸ್ತ್ರದ ಗ್ರಂಥದಲ್ಲಿ ವಾದಿಸಿದ್ದರು. ಇಂದಿನ ಬೇಸ್‌ಬಾಲ್ ಕಚೇರಿಗಳು ಕಾಂಟ್‌ರ ಮೊದಲರ್ಧವನ್ನು ಅಂಕಿಗಳಲ್ಲೇ ಬರೆದಿಟ್ಟಿವೆ. ಆಟಗಾರನನ್ನು ಅಳೆಯಲು ಅಲ್ಲಿ ಎಲ್ಲರೂ ಬಳಸುವ ‘ವಾರ್’ ಎಂಬ ಅಳತೆಯ ಸೊನ್ನೆ ಇರುವುದು ಒಬ್ಬ ಕಲ್ಪಿತ ಆಟಗಾರನ ಮೇಲೆ. ಯಾವಾಗ ಬೇಕಾದರೂ, ಕನಿಷ್ಠ ಸಂಬಳಕ್ಕೆ, ಕಿರಿಯ ಲೀಗಿನಿಂದ ಕರೆತರಬಹುದಾದವನು ಅವನು. ಅಂಥವರನ್ನೇ ತುಂಬಿದ ತಂಡ 162 ಪಂದ್ಯಗಳಲ್ಲಿ ಸುಮಾರು 48 ಗೆಲ್ಲಬಹುದು ಎಂದು ಲೆಕ್ಕ. ಅವನಿಗಿಂತ ನೀವು ಎಷ್ಟು ಗೆಲುವು ಹೆಚ್ಚು ತರುತ್ತೀರಿ ಎಂಬುದೇ ನಿಮ್ಮ ಅಂಕ. ಯಾರ ಜಾಗಕ್ಕೆ ಯಾರು ಬರಬಹುದು ಎಂಬಲ್ಲಿಂದಲೇ ಎಣಿಕೆ ಶುರುವಾಗುತ್ತದೆ. ಹೀಗೆ ಅಳೆಯುವುದರಲ್ಲಿ ಮೋಸವಿಲ್ಲ, ತಂಡ ಕಟ್ಟುವವರಿಗೆ ಬೇರೆ ದಾರಿಯೂ ಕಡಿಮೆ. ಆದರೆ ಅಳತೆ ಕೆಲವೊಮ್ಮೆ ಬೆತ್ತಲಾಗುತ್ತದೆ. 2008ರಲ್ಲಿ ಕಿರಿಯ ಲೀಗೊಂದರ ಕ್ಯಾಲ್ಗರಿ ತಂಡ ತನ್ನ ಪಿಚರ್ ಒಬ್ಬನನ್ನು ಟೆಕ್ಸಸ್‌ನ ಲರೇಡೊ ತಂಡಕ್ಕೆ ಕೊಟ್ಟು ಬದಲಿಗೆ ಹತ್ತು ಮೇಪಲ್ ಬ್ಯಾಟುಗಳನ್ನು ಪಡೆಯಿತು. ದೇಶವೆಲ್ಲ ನಕ್ಕಿತು. ಎದುರಾಳಿ ಪ್ರೇಕ್ಷಕರು ಅವನನ್ನು ಕಿಚಾಯಿಸಿದರು. ಕೆಲವೇ ವಾರಗಳಲ್ಲಿ ಅವನು ತಂಡ ಬಿಟ್ಟ.

ಹಾಗೆಂದು ಕಾಂಟ್ ಒಬ್ಬರ ಶ್ರಮವನ್ನು ಇನ್ನೊಬ್ಬರು ಬಳಸಲೇಬಾರದು ಎಂದವರಲ್ಲ. ಬರೀ ಸಾಧನವಾಗಿ ಬಳಸಬಾರದು ಎಂದರು. ಆ ‘ಬರೀ’ಯಲ್ಲಿ ದೊಡ್ಡ ಜಾಗವಿದೆ. ಆಟಗಾರನನ್ನು ಕೇಳಿದ್ದರೆ, ಅವನು ಹೂಂ ಅಂದಿದ್ದರೆ, ವಿನಿಮಯದಲ್ಲಿ ಅವನೂ ಒಬ್ಬ ಪಾಲುದಾರ. ಕೇಳದೆ ಹೋದರೆ ಹತ್ತು ಬ್ಯಾಟಾದರೂ ಒಂದೇ, ಹತ್ತು ಕೋಟಿಯಾದರೂ ಒಂದೇ.

1975ರ ಡಿಸೆಂಬರ್ 23ರಂದು ಪೀಟರ್ ಸೈಟ್ಜ್ ಎಂಬ ಮಧ್ಯಸ್ಥಗಾರ ಆ್ಯಂಡಿ ಮೆಸ್ಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನಾಲಿ ಎಂಬ ಇಬ್ಬರು ಪಿಚರ್‌ಗಳ ದೂರಿನಲ್ಲಿ, ರಿಸರ್ವ್ ಕ್ಲಾಜ್‌ನ ಒಂದು ವರ್ಷ ಅಂದರೆ ಒಂದೇ ವರ್ಷ ಎಂದು ತೀರ್ಪಿತ್ತರು. ಮಾಲೀಕರು ಕೂಡಲೇ ಸೈಟ್ಜ್ ಅವರನ್ನು ಕೆಲಸದಿಂದ ತೆಗೆದರು. ತೀರ್ಪು ಮಾತ್ರ ಉಳಿಯಿತು. ಆಮೇಲೆ ನಡೆದದ್ದು ತತ್ವಶಾಸ್ತ್ರದವರು ಚಪ್ಪರಿಸಿ ಓದಬೇಕಾದ ಪ್ರಸಂಗ. ಓಕ್‌ಲ್ಯಾಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲಿ, ಹಾಗಾದರೆ ಪ್ರತಿ ವರ್ಷ ಎಲ್ಲ ಆಟಗಾರರನ್ನೂ ಸ್ವತಂತ್ರರಾಗಿ ಬಿಟ್ಟುಬಿಡಿ ಎಂದರು. ಆಟಗಾರರ ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್ ಹೆದರಿದ್ದು ಅದಕ್ಕೇ. ಎಲ್ಲರೂ ಒಟ್ಟಿಗೆ ಪೇಟೆಗೆ ಬಂದರೆ ಬೆಲೆ ನೆಲ ಕಚ್ಚುತ್ತದೆಂದು ಉಕ್ಕು ಕಾರ್ಮಿಕರ ಸಂಘದಲ್ಲಿ ಅರ್ಥಶಾಸ್ತ್ರಜ್ಞರಾಗಿ ಪಳಗಿದ್ದ ಅವರಿಗೆ ಗೊತ್ತಿತ್ತು. ಮಾಲೀಕರು ಫಿನ್ಲಿಯ ಮಾತು ಕೇಳಲಿಲ್ಲ. ಆರು ವರ್ಷ ಸೇವೆಯಾದ ಮೇಲೆ ಬಿಡುಗಡೆ ಎಂದು 1976ರಲ್ಲಿ ರಾಜಿಯಾಯಿತು. ಕೆಲವರ ಸ್ವಾತಂತ್ರ್ಯಕ್ಕೆ ಇಂದು ಸಿಗುವ ದೊಡ್ಡ ಬೆಲೆಯ ಹಿಂದೆ ಉಳಿದವರ ಕಾಯುವಿಕೆ ಇದೆ. ಆ ರಾಜಿಯನ್ನು ಬಿಡುಗಡೆಯ ಜಯ ಎಂದಷ್ಟೇ ಹೊಗಳುವವರು ಈ ಭಾಗವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ.

ಆಟಗಾರ ಹುವಾನ್ ಸೋಟೊ ಅವರ ಕಥೆಯಲ್ಲಿ ಎರಡೂ ಮುಖಗಳಿವೆ. 2022ರಲ್ಲಿ ವಾಷಿಂಗ್ಟನ್ ತಂಡ 15 ವರ್ಷಕ್ಕೆ 44 ಕೋಟಿ ಡಾಲರ್ ಕೊಡುತ್ತೇವೆ ಎಂದಾಗ ಅವರು ಬೇಡ ಎಂದರು. ಕೆಲವೇ ವಾರಗಳಲ್ಲಿ ತಂಡ ಅವರನ್ನು ಸ್ಯಾನ್ ಡಿಯೇಗೊಗೆ ಸಾಗಹಾಕಿತು. ಮುಂದಿನ ವರ್ಷ ಸ್ಯಾನ್ ಡಿಯೇಗೊ ನ್ಯೂಯಾರ್ಕ್ ಯಾಂಕೀಸ್‌ಗೆ ಕೊಟ್ಟಿತು. ಯಾಂಕೀಸ್ ಅಭಿಮಾನಿಗಳಿಗೆ ಹಬ್ಬ; ಯಾರ ನಿಷ್ಠೆಯನ್ನೂ ಯಾರೂ ಪ್ರಶ್ನಿಸಲಿಲ್ಲ. 2024ರ ಡಿಸೆಂಬರ್‌ನಲ್ಲಿ, ವೃತ್ತಿ ಶುರುವಾದ ಮೇಲೆ ಮೊದಲ ಸಲ ಎಲ್ಲಿ ಆಡಬೇಕೆಂದು ತಾವೇ ಆರಿಸುವ ಹಕ್ಕು ಸಿಕ್ಕಾಗ, ಸೋಟೊ ಅದೇ ಊರಿನ ಮೆಟ್ಸ್ ಜೊತೆ 15 ವರ್ಷಕ್ಕೆ 76.5 ಕೋಟಿ ಡಾಲರ್‌ಗೆ ಸಹಿ ಹಾಕಿದರು. 2025ರ ಮೇನಲ್ಲಿ ಯಾಂಕಿ ಸ್ಟೇಡಿಯಂಗೆ ಎದುರಾಳಿಯಾಗಿ ಬಂದಾಗ ಪ್ರೇಕ್ಷಕರು ಕೂಗಾಡಿದರು, ಕೆಲವರು ಬೆನ್ನು ತಿರುಗಿಸಿ ನಿಂತರು. ಕಚೇರಿ ಮಾಡಿದರೆ ಜಾಣ ವ್ಯವಹಾರ, ಆಟಗಾರ ಮಾಡಿದರೆ ದ್ರೋಹ. ಅಭಿಮಾನಿಗಳ ಈ ನ್ಯಾಯ ಕೋರ್ಟಿನ ನ್ಯಾಯಕ್ಕಿಂತ ಹಳೆಯದು, ಗಟ್ಟಿಯದು ಕೂಡ.

ಅದೇ ಊರಿನ ಅಭಿಮಾನಿಗಳು ಕರಗಿದ್ದೂ ಉಂಟು. 2015ರ ಜುಲೈ 29ರ ರಾತ್ರಿ, ಮೆಟ್ಸ್ ಆಟಗಾರ ವಿಲ್ಮರ್ ಫ್ಲೋರೆಸ್ ಅವರನ್ನು ಮಿಲ್ವಾಕಿಗೆ ಕೊಟ್ಟಾಯಿತು ಎಂಬ ಸುದ್ದಿ ಪಂದ್ಯ ನಡೆಯುತ್ತಿರುವಾಗಲೇ ಪ್ರೇಕ್ಷಕರ ಮೊಬೈಲುಗಳಲ್ಲಿ ಹರಿದಾಡಿತು. ಹದಿನಾರನೆಯ ವಯಸ್ಸಿಗೆ ವೆನೆಜುವೆಲಾದಿಂದ ಬಂದು ಸಹಿ ಹಾಕಿದ್ದ ಹುಡುಗ ಮೈದಾನದಲ್ಲೇ ಕಣ್ಣೊರೆಸಿಕೊಳ್ಳುತ್ತ ಆಡಿದರು. ವ್ಯವಹಾರ ಕೊನೆಗೆ ಮುರಿದುಬಿತ್ತು. ಎರಡು ದಿನದ ಬಳಿಕ ಹನ್ನೆರಡನೆಯ ಇನ್ನಿಂಗ್ಸಿನಲ್ಲಿ ಅವರ ಹೋಮ್ ರನ್ ಪಂದ್ಯ ಗೆದ್ದುಕೊಟ್ಟಿತು. 29ರ ರಾತ್ರಿ ಆ ಕಣ್ಣೀರು ಎಲ್ಲರಿಗೂ ಕಂಡದ್ದು ಸುದ್ದಿ ಮೈದಾನಕ್ಕೆ ಮೊದಲೇ ತಲುಪಿದ್ದರಿಂದ. ಬೇರೆಯವರು ಅಳುವುದು ಕೋಣೆಯಲ್ಲಿ.

ಐಪಿಎಲ್ ಹರಾಜನ್ನು ಟೀವಿಯಲ್ಲಿ ನೋಡಿ ಬೆಳೆದ ಬೆಂಗಳೂರಿನವರಿಗೆ ಇದೆಲ್ಲ ಏನು ಮಹಾ ಅನ್ನಿಸಬಹುದು. ಅಲ್ಲಿ ಸುತ್ತಿಗೆಯೇ ಬೀಳುತ್ತದಲ್ಲ! ಆದರೆ ಒಂದು ವ್ಯತ್ಯಾಸ ಇದೆ: ಹರಾಜಿಗೆ ಆಟಗಾರ ತಾನೇ ಹೆಸರು ನೋಂದಾಯಿಸುತ್ತಾನೆ. ಯಾವ ತಂಡ ಎಂಬುದು ಅವನ ಕೈಯಲ್ಲಿಲ್ಲ, ಪೇಟೆಗೆ ಬರುವುದು ಅವನ ಕೈಯಲ್ಲಿದೆ. 2025ರ ಏಪ್ರಿಲ್ 10ರಂದು ಡೆಲ್ಲಿ ಪರವಾಗಿ ಅಜೇಯ 93 ಹೊಡೆದು ಆರ್‌ಸಿಬಿಯನ್ನು ಸೋಲಿಸಿದ ಕೆ.ಎಲ್. ರಾಹುಲ್ ಚಿನ್ನಸ್ವಾಮಿಯ ನೆಲದ ಮೇಲೆ ಬ್ಯಾಟಿನಿಂದ ವೃತ್ತ ಎಳೆದು, ಇದು ನನ್ನ ಜಾಗ ಎಂದು ಸನ್ನೆ ಮಾಡಿದರು. ಕರಾರು ಎಲ್ಲಿಯದೋ, ನೆಲದ ಹಕ್ಕು ಎಲ್ಲಿಯದೋ. ಸೋತ ಸಿಟ್ಟಿನಲ್ಲೂ ಸ್ಟೇಡಿಯಂನಲ್ಲಿದ್ದವರಿಗೆ ಅದು ಸುಳ್ಳು ಅನ್ನಿಸಿದಂತೆ ಕಾಣಲಿಲ್ಲ.

ಫ್ಲಡ್ 1970ನೇ ಹಂಗಾಮು ಪೂರ್ತಿ ಆಡಲಿಲ್ಲ. ಮರುವರ್ಷ ವಾಷಿಂಗ್ಟನ್‌ಗೆ ಹದಿಮೂರು ಪಂದ್ಯ ಆಡಿ ಸ್ಪೇನ್‌ನ ಮಯೋರ್ಕಾ ದ್ವೀಪಕ್ಕೆ ಹೊರಟುಹೋದರು. ಅವರು ಸೋತ ಮೊಕದ್ದಮೆಯ ನೆರಳಲ್ಲಿ ಸಂಘಕ್ಕೆ ಒಂದು ನಿಯಮ ದಕ್ಕಿತು: ಹತ್ತು ವರ್ಷ ಆಡಿ, ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವರನ್ನು ಅವರ ಒಪ್ಪಿಗೆಯಿಲ್ಲದೆ ಕೊಡುವಂತಿಲ್ಲ. 1973ರಲ್ಲಿ ಶಿಕಾಗೊ ಕಬ್ಸ್‌ನ ರಾನ್ ಸ್ಯಾಂಟೊ ಅದನ್ನು ಮೊದಲು ಬಳಸಿ ಕ್ಯಾಲಿಫೋರ್ನಿಯಾಕ್ಕೆ ಹೋಗಲೊಲ್ಲೆ ಎಂದರು. ಬೇಡಿಕೆಯ ಆಟಗಾರರು ಈಗ ಕರಾರಿನಲ್ಲೇ ಇಂಥ ಹಕ್ಕು ಬರೆಸಿಕೊಳ್ಳುತ್ತಾರೆ. 2024ರ ಡಿಸೆಂಬರ್‌ನಲ್ಲಿ ನೋಲನ್ ಅರೆನಾಡೊ ಅವರನ್ನು ಹ್ಯೂಸ್ಟನ್‌ಗೆ ಕೊಡಲು ತಂಡ ಸಿದ್ಧವಿತ್ತು. ಅವರು ಒಪ್ಪಲಿಲ್ಲ, ತಂಡ ತೆಪ್ಪಗಾಯಿತು. ಆ ತಂಡ ಸೇಂಟ್ ಲೂಯಿ ಕಾರ್ಡಿನಲ್ಸ್.

ಹತ್ತು ವರ್ಷ ಆಡುವುದು ಎಲ್ಲರಿಗೂ ಸಾಧ್ಯವಿಲ್ಲ. ಬಹುಪಾಲು ಆಟಗಾರರ ಆಟ ಅದಕ್ಕೆ ಬಹಳ ಮುಂಚೆಯೇ ಮುಗಿಯುತ್ತದೆ. ಹತ್ತಿರ ಬಂದವರ ವಿಷಯದಲ್ಲಿ ಕಚೇರಿಗಳು ಕ್ಯಾಲೆಂಡರ್ ನೋಡುತ್ತಿರುತ್ತವೆ. ಇವಾನ್ ಲಾಂಗೋರಿಯಾ 2008ರ ಏಪ್ರಿಲ್‌ನಿಂದ ಟ್ಯಾಂಪಾ ಬೇ ತಂಡವೊಂದರಲ್ಲೇ ಆಡಿದವರು. ಅಲ್ಲಿ ಹೊಡೆದ 261 ಹೋಮ್ ರನ್ ಆ ತಂಡದ ದಾಖಲೆ. ಬೇಡ ಎನ್ನುವ ಹಕ್ಕು ಅವರಿಗೆ 2018ರ ಏಪ್ರಿಲ್‌ನಲ್ಲಿ ಸಿಗಬೇಕಿತ್ತು. 2017ರ ಡಿಸೆಂಬರ್ 20ರಂದು ತಂಡ ಅವರನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕೊಟ್ಟಿತು.