ಎಚ್ಚರಿಕೆಯ ದೀಪವೂ ಶ್ರಾವಕನ ಪ್ರಮಾದವೂ

ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಆಚಾರ್ಯ ಉಮಾಸ್ವಾಮಿಗಳು ಪ್ರಾಣಹಾನಿಯೊಂದನ್ನೇ ಹೇಳಿ ನಿಲ್ಲಿಸಲಿಲ್ಲ. ಪ್ರಮಾದದಿಂದ ಕೂಡಿದ ಮನ, ವಚನ, ಕಾಯಗಳ ವ್ಯಾಪಾರದಿಂದ ಆಗುವ ಪ್ರಾಣಹಾನಿಯೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ತಿಳಿಸಿದರು. ಅದೇ ಗ್ರಂಥದ ಆರನೆಯ ಅಧ್ಯಾಯದಲ್ಲಿ ಕರ್ಮಾಸ್ರವದ ತಾರತಮ್ಯಕ್ಕೆ ಕಾರಣಗಳನ್ನು ಎಣಿಸುವಾಗ ಜ್ಞಾತಭಾವ, ಅಜ್ಞಾತಭಾವಗಳೆಂಬ ಎರಡನ್ನು ಸೇರಿಸಿದರು. ತಿಳಿದು ಮಾಡಿದ್ದಕ್ಕೂ ತಿಳಿಯದೆ ಮಾಡಿದ್ದಕ್ಕೂ ಅಂತರವುಂಟೆಂಬುದು ಇದರ ತಾತ್ಪರ್ಯ. ಇಲ್ಲಿಯೇ ಒಂದು ಪ್ರಶ್ನೆ ಏಳುತ್ತದೆ. ತಿಳಿಯುವ ಸಾಧನವು ಕಣ್ಣೆದುರಿಗೇ ಇದ್ದು, ಅದನ್ನು ನೋಡಲೊಲ್ಲದವನು ಯಾವ ಪಂಕ್ತಿಗೆ ಸೇರಿದವನು? ಅವನನ್ನು ಅಜ್ಞಾತಭಾವದವನೆಂದು ಕ್ಷಮಿಸಬಹುದೆ? ಈ ಪ್ರಶ್ನೆಯನ್ನು ಇಂದಿನ ಗೃಹಸ್ಥನ ನಿತ್ಯಜೀವನದ ಒಂದು ಸಣ್ಣ ವಸ್ತುವಿನ ಮೂಲಕ, ಅಂದರೆ ಮೋಟಾರ್ ಸೈಕಲ್ಲಿನ ಎಚ್ಚರಿಕೆಯ ದೀಪದ ಮೂಲಕ, ವಿಚಾರಿಸುವುದು ಈ ಲೇಖನದ ಉದ್ದೇಶ.

ಚಿತ್ರದುರ್ಗ ಜಿಲ್ಲೆ ಬಯಲುಸೀಮೆಯ ಒಣನೆಲ. ಹಿರೇಗುಂಟನೂರು ಹೋಬಳಿಯಲ್ಲಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಾಗಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ರಸ್ತೆಯ ಡಾಂಬರು ಕಾದ ಹೆಂಚಿನಂತಾಗುತ್ತದೆ. ತೋಟಕ್ಕೆ, ಅಂಗಡಿಗೆ, ಬಸದಿಗೆ, ಸಂತೆಗೆ ಎಲ್ಲದಕ್ಕೂ ಇಂದು ದ್ವಿಚಕ್ರ ವಾಹನವೇ ಆಧಾರ. ಅದಿರು ತುಂಬಿದ ಲಾರಿಗಳ ಹಿಂದೆ ಧೂಳು ಕುಡಿಯುತ್ತ ಎರಡನೆಯ ಗೇರಿನಲ್ಲಿ ತೆವಳುವುದು, ಫಾಲ್ಗುಣದಲ್ಲಿ ನಾಯಕನಹಟ್ಟಿಯ ತೇರಿನ ದಿನ ಜನಸಂದಣಿಯ ನಡುವೆ ಹೆಜ್ಜೆಹೆಜ್ಜೆಗೂ ನಿಲ್ಲುತ್ತ ಸಾಗುವುದು ಇಲ್ಲಿನ ಸವಾರರಿಗೆ ಹೊಸದೇನೂ ಅಲ್ಲ. ಎಚ್ಚರಿಕೆಯ ದೀಪ ಹೊತ್ತಿಕೊಳ್ಳುವುದು ಬಹುಮಟ್ಟಿಗೆ ಇಂತಹ ಹೊತ್ತಿನಲ್ಲಿಯೇ.

ಇದರ ಕಾರಣವನ್ನು ಮೊದಲು ತಿಳಿಯಬೇಕು. ಸಾಮಾನ್ಯ ಬೈಕುಗಳ ಎಂಜಿನ್ನು ಗಾಳಿಯಿಂದ ತಣಿಯುತ್ತದೆ. ಎಂಜಿನ್ನಿನ ಸುತ್ತ ಎದ್ದಿರುವ ಲೋಹದ ಪಟ್ಟಿಗಳ ಮೇಲೆ ಗಾಳಿ ಹಾಯುತ್ತ ಶಾಖವನ್ನು ಒಯ್ಯುತ್ತದೆ. ಬೈಕು ಓಡಿದರೆ ಗಾಳಿ ಬರುತ್ತದೆ, ತೆವಳಿದರೆ ಬಾರದು. ದ್ರವದಿಂದ ತಣಿಯುವ ಎಂಜಿನ್ನಿನಲ್ಲಿ ರೇಡಿಯೇಟರು ಇರುತ್ತದೆ; ಅದಕ್ಕೂ ಗಾಳಿ ಬೇಕು, ಇಲ್ಲವಾದಾಗ ಫ್ಯಾನು ತಿರುಗಿ ನೆರವಾಗುತ್ತದೆ. ಇನ್ನು ಎಂಜಿನ್ ಆಯಿಲ್. ಅದು ಬಿಸಿಯಾದಷ್ಟೂ ತೆಳುವಾಗುತ್ತದೆ. ಆಯಿಲನ್ನು ತಳ್ಳುವ ಪಂಪು ಎಂಜಿನ್ನಿನ ವೇಗಕ್ಕೆ ತಕ್ಕಂತೆ ತಿರುಗುವುದರಿಂದ, ನಿಧಾನದಲ್ಲಿ ಅದರ ಒತ್ತಡ ತಗ್ಗುತ್ತದೆ. ತೆಳುವಾದ ಆಯಿಲು, ನಿಧಾನವಾದ ಪಂಪು ಎರಡೂ ಕೂಡಿದಾಗ, ಮೊದಲೇ ಆಯಿಲಿನ ಮಟ್ಟ ಕಡಿಮೆಯಿದ್ದರೆ ಕೆಂಪು ದೀಪ ಮಿಣುಕುತ್ತದೆ.

ಎಲ್ಲ ದೀಪಗಳ ಅರ್ಥವೂ ಒಂದೇ ಅಲ್ಲ. ಎಣ್ಣೆಯ ಗಿಂಡಿಯ ಚಿತ್ರವುಳ್ಳ ಕೆಂಪು ದೀಪವು ಆಯಿಲಿನ ಒತ್ತಡದ್ದು. ಉಷ್ಣಮಾಪಕದ ಚಿತ್ರವುಳ್ಳದ್ದು ಅತಿಶಾಖದ್ದು. ಇವು ಹೊತ್ತಿದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ ಎಂಜಿನ್ ಆರಿಸಬೇಕು. ಎಂಜಿನ್ನಿನ ಆಕಾರದ ಹಳದಿ ದೀಪವು ಇಂಧನ, ದಹನ, ಹೊಗೆಗಳ ವ್ಯವಸ್ಥೆಯಲ್ಲಿ ಏನೋ ದೋಷವುಂಟೆಂದು ಸೂಚಿಸುತ್ತದೆ. ಬೇರೆ ತೊಂದರೆ ಕಾಣದಿದ್ದರೆ ಮೆಲ್ಲನೆ ಗ್ಯಾರೇಜಿನವರೆಗೆ ಹೋಗಬಹುದು. 2020ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಭಾರತ್ ಸ್ಟೇಜ್ 6 ನಿಯಮ ಬಂದ ಮೇಲೆ ಕಾರ್ಬ್ಯುರೇಟರಿನ ಸ್ಥಾನವನ್ನು ಫ್ಯುಯೆಲ್ ಇಂಜೆಕ್ಷನ್ ಆಕ್ರಮಿಸಿತು. ಅದರೊಡನೆ ಈ ಹಳದಿ ದೀಪವು ಸಣ್ಣ ಬೈಕುಗಳಲ್ಲಿಯೂ ಸಾಮಾನ್ಯವಾಯಿತು. ಆದರೆ ಅನೇಕ ಸಣ್ಣ ಬೈಕುಗಳಲ್ಲಿ ಆಯಿಲಿನ ದೀಪವೂ ಇಲ್ಲ, ಶಾಖದ ದೀಪವೂ ಇಲ್ಲ. ಅಲ್ಲಿ ಸುಟ್ಟ ವಾಸನೆ, ಕಟಕಟ ಸದ್ದು, ಎಳೆತ ಕುಂದುವುದು ಇವೇ ಸೂಚನೆಗಳು. ಅಂತಹ ವಾಹನದ ಸವಾರನು ತಾನೇ ದೀಪವಾಗಬೇಕು.

ಈಗ ಧರ್ಮವಿಚಾರಕ್ಕೆ ಬರಬಹುದು. ಒಬ್ಬ ತರುಣ ಶ್ರಾವಕನನ್ನು ಊಹಿಸಿಕೊಳ್ಳೋಣ. ಮೇ ತಿಂಗಳ ಬಿಸಿಲಿನಲ್ಲಿ ವೃದ್ಧ ತಾಯಿಯನ್ನು ಹಿಂದೆ ಕೂರಿಸಿಕೊಂಡು, ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿರುವ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯ ದರ್ಶನಕ್ಕೆ ಹೊರಟಿದ್ದಾನೆ. ಮುಂದೆ ಲಾರಿಗಳ ಸಾಲು, ದಾರಿ ಸಾಗದು. ಕೆಂಪು ದೀಪ ಮಿಣುಕುತ್ತದೆ. ಊರು ಇನ್ನು ಎರಡು ಮೂರು ಕಿಲೋಮೀಟರು. ನಿಲ್ಲಿಸಿದರೆ ತಾಯಿಗೆ ಬಿಸಿಲು, ನಿಲ್ಲಿಸದಿದ್ದರೆ ಎಂಜಿನ್ನಿಗೆ ಅಪಾಯ. ತಾಯಿಯ ಮೇಲಿನ ಅನುಕಂಪೆ ದೊಡ್ಡದೋ, ಯಂತ್ರದ ಮೇಲಿನ ಕಾಳಜಿ ದೊಡ್ಡದೋ ಎಂದು ಅವನಿಗೆ ತೋರಬಹುದು. ಯಂತ್ರವಾದರೋ ಅಜೀವ, ಪುದ್ಗಲ, ಅದಕ್ಕೆ ನೋವಿಲ್ಲ. ಅದನ್ನು ಕೆಡಿಸಿದರೆ ಹಿಂಸೆ ಹೇಗಾದೀತು?

ಈ ವಾದವು ಮೇಲುನೋಟಕ್ಕೆ ಸರಿಯಾಗಿ ಕಂಡರೂ ನಿಲ್ಲುವುದಿಲ್ಲ. ಯಂತ್ರಕ್ಕೆ ನೋವಿಲ್ಲವೆಂಬುದು ನಿಜ. ಆದರೆ ಆಯಿಲಿಲ್ಲದೆ ಎಂಜಿನ್ನು ಸೀಜ್ ಆದಾಗ ಹಿಂದಿನ ಚಕ್ರ ಒಮ್ಮೆಗೇ ಬಿಗಿದು ನಿಲ್ಲಬಹುದು. ಬೀಳುವವರು ಜೀವಿಗಳು, ಹಿಂದಿನಿಂದ ಬರುವ ಲಾರಿಯ ಚಕ್ರಕ್ಕೆ ಸಿಲುಕುವವರು ಜೀವಿಗಳು. ಹಾಗಾಗಿ ಅವನ ಮುಂದಿರುವ ಆಯ್ಕೆ ತಾಯಿ ಮತ್ತು ಯಂತ್ರದ ನಡುವಿನದಲ್ಲ. ತಾಯಿಯ ಅರ್ಧ ಗಂಟೆಯ ಬಳಲಿಕೆ ಮತ್ತು ಅದೇ ತಾಯಿಯ ಪ್ರಾಣದ ನಡುವಿನದು. ಅನುಕಂಪೆಯ ಹೆಸರಿನಲ್ಲಿ ಅವನು ತನ್ನ ಆತುರವನ್ನೇ ಮುಂದಿಡುತ್ತಿರಬಹುದು. ಮರದ ನೆರಳು ನೋಡಿ ನಿಲ್ಲಿಸಿ, ತಾಯಿಗೆ ನೀರು ಕೊಟ್ಟು ಕೂರಿಸಿದರೆ ಅನುಕಂಪೆಯೂ ಉಳಿಯುತ್ತದೆ, ಅಪ್ರಮಾದವೂ ಉಳಿಯುತ್ತದೆ. ನಿಂತ ಮೇಲೂ ಆತುರ ಸಲ್ಲದು: ಕಾದ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿಯುವ ದ್ರವ ಚಿಮ್ಮಿ ಮೈ ಸುಡುತ್ತದೆ, ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು. ತಣಿದ ಬಳಿಕ ಬೈಕನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ ಆಯಿಲಿನ ಮಟ್ಟ ನೋಡಬೇಕು. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುವ ಮುನಿಗಳ ಈರ್ಯಾಸಮಿತಿಯು ಗೃಹಸ್ಥನಿಗೆ ಪೂರ್ಣವಾಗಿ ಸಾಧ್ಯವಿಲ್ಲ. ಆದರೂ ಅದರ ಒಂದಂಶವಾದರೂ ಅವನ ಪಯಣದಲ್ಲಿ ಇರಬೇಕಷ್ಟೆ.

ಇನ್ನೊಂದು ಆಕ್ಷೇಪವುಂಟು. ದೀಪವೇ ಸುಳ್ಳು ಹೇಳಬಹುದಲ್ಲವೆ? ಹೌದು. ಒತ್ತಡದ ಸ್ವಿಚ್ಚು ಕೆಟ್ಟಿರಬಹುದು, ತಂತಿ ಸವೆದು ಲೋಹಕ್ಕೆ ತಾಗುತ್ತಿರಬಹುದು. ಕಾರಣಗಳು ಅನೇಕ: ಆಯಿಲು ಕಡಿಮೆ, ಆಯಿಲು ಹಳೆಯದು, ಪಂಪು ಸವೆದದ್ದು, ಬಿಸಿಲು, ತಂತಿ. ಇವುಗಳಲ್ಲಿ ತನಗೆ ಅನುಕೂಲವಾದ ಒಂದನ್ನೇ ಹಿಡಿದು "ಇದು ಬರೀ ಬಿಸಿಲಿನಿಂದ" ಎಂದು ತೀರ್ಮಾನಿಸುವುದು ಏಕಾಂತವಾಯಿತು. ಅನೇಕಾಂತ ದೃಷ್ಟಿಯು ಪ್ರತಿಯೊಂದು ಸಾಧ್ಯತೆಯನ್ನೂ ಪರೀಕ್ಷಿಸುವಂತೆ ಕೇಳುತ್ತದೆ. ಆದರೆ ಪರೀಕ್ಷಿಸುವವರೆಗೆ ಸೂಚನೆಯನ್ನು ಸತ್ಯವೆಂದೇ ಭಾವಿಸಿ ನಡೆಯುವುದು ವಿವೇಕ. ದೀಪ ತೀರ್ಪು ಕೊಡುವುದಿಲ್ಲ, ವಿಚಾರಣೆಗೆ ಕರೆಯುತ್ತದೆ.

ಬಿಸಿಲಿನ ಮಾತು ಬಂದುದರಿಂದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಿಸಿಲು ಹೊರಗಿನದು, ಆಯಿಲಿನ ಕೊರತೆ ಒಳಗಿನದು. ಇಪ್ಪತ್ತೆರಡು ಪರೀಷಹಗಳಲ್ಲಿ ಉಷ್ಣವೂ ಒಂದು. ಅದು ಹೊರಗಿನಿಂದ ಬರುತ್ತದೆ, ಅದನ್ನು ಸಹಿಸಬೇಕು. ಆದರೆ ಕಷಾಯವು ಒಳಗಿನದು, ಅದನ್ನು ಸಹಿಸಬಾರದು, ಕಳೆಯಬೇಕು. ಸುಸ್ಥಿತಿಯಲ್ಲಿರುವ ಎಂಜಿನ್ನು ಅದೇ ಬಿಸಿಲಿನಲ್ಲಿ ಬಿಸಿಯಾಗುತ್ತದೆ, ಫ್ಯಾನು ಸದ್ದು ಮಾಡುತ್ತದೆ, ಆದರೆ ಅದರ ಕೆಂಪು ದೀಪ ಹೊತ್ತುವುದಿಲ್ಲ. ದೋಷವಿದ್ದ ಎಂಜಿನ್ನು ಹೆದ್ದಾರಿಯಲ್ಲಿ ಗಾಳಿಯ ನೆರವಿನಿಂದ ನಿರ್ದೋಷದಂತೆ ಓಡಿತ್ತು. ನಿಧಾನಗತಿಯು ಆ ದೋಷವನ್ನು ಸೃಷ್ಟಿಸಲಿಲ್ಲ, ತೋರಿಸಿಕೊಟ್ಟಿತು. ಮನುಷ್ಯನಾದರೂ ಹಾಗೆಯೇ. ವ್ಯಾಪಾರ ಚೆನ್ನಾಗಿ ನಡೆದು, ದೇಹ ಗಟ್ಟಿಯಾಗಿದ್ದು, ಮನೆಮಂದಿ ಮಾತು ಕೇಳುವ ಕಾಲದಲ್ಲಿ ಕ್ರೋಧ, ಲೋಭಗಳು ಅಡಗಿರುತ್ತವೆ. ಕೆಲಸ ಕುಂಟುವಾಗ, ಸಾಲಿನಲ್ಲಿ ನಿಲ್ಲಬೇಕಾದಾಗ, ಬಾಕಿ ಬಾರದಿದ್ದಾಗ ಅವು ಹೊತ್ತಿಕೊಳ್ಳುತ್ತವೆ. ಆಗ "ಕಾಲ ಕೆಟ್ಟಿದೆ" ಎನ್ನುವವನು ದೀಪ ಬಿಸಿಲಿನಿಂದ ಹೊತ್ತಿತೆನ್ನುವ ಸವಾರನಂತೆ.

ಎಲ್ಲಕ್ಕಿಂತ ಗಂಭೀರವಾದದ್ದು ದೀಪವನ್ನೇ ಮುಚ್ಚುವ ಪದ್ಧತಿ. ಕಿರಿಕಿರಿಯೆಂದು ಅದರ ಮೇಲೆ ಕಪ್ಪು ಟೇಪು ಅಂಟಿಸುವವರುಂಟು, ತಂತಿಯನ್ನೇ ಕಿತ್ತುಬಿಡುವವರುಂಟು. ಹಿರಿಯೂರಿನ ವಾಣಿವಿಲಾಸ ಸಾಗರದ ಪೂರ್ಣಮಟ್ಟ 130 ಅಡಿ. 1907ರಲ್ಲಿ ಪೂರ್ಣಗೊಂಡ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ನಡುವಿನ ಎಂಬತ್ತೊಂಬತ್ತು ವರ್ಷ ರೈತರು ನೀರಿನ ಮಟ್ಟದ ಅಂಕಿಯನ್ನು ಆತಂಕದಿಂದ ನೋಡುತ್ತಲೇ ಬಂದರು. ಅಂಕಿ ಕಡಿಮೆಯೆಂದು ಯಾರೂ ಮಾಪಕವನ್ನು ಅಳಿಸಲಿಲ್ಲ. ಅಳಿಸಿದರೆ ನೀರು ಹೆಚ್ಚದೆಂಬುದು ಎಲ್ಲರಿಗೂ ಗೊತ್ತು. ದೀಪದ ವಿಷಯದಲ್ಲಿ ಮಾತ್ರ ಈ ಸಾಮಾನ್ಯ ಜ್ಞಾನ ಮರೆಯಾಗುತ್ತದೆ.

ಆರಂಭದ ಪ್ರಶ್ನೆಗೆ ಉತ್ತರ ಇಲ್ಲಿಯೇ ದೊರೆಯುತ್ತದೆ. ಟೇಪು ಅಂಟಿಸುವವನಿಗೆ ಅದರ ಕೆಳಗೆ ದೀಪವಿದೆಯೆಂದು ಗೊತ್ತು. ಅವನು ಅರಿಯದವನಲ್ಲ, ಅರಿಯಬಾರದೆಂದು ನಿಶ್ಚಯಿಸಿದವನು. ಆ ನಿಶ್ಚಯವೇ ಜ್ಞಾತಭಾವದ್ದು. ನಿಜವಾಗಿ ಅರಿಯದವನು ದೀಪದ ಅರ್ಥ ತಿಳಿಯದ ಹಳ್ಳಿಯ ವೃದ್ಧ, ಅಥವಾ ಆಗತಾನೆ ಕಲಿಯುತ್ತಿರುವ ಹುಡುಗ. ಅವರಿಗೆ ತಿಳಿಸಿಕೊಡುವುದು ತಿಳಿದವರ ಕರ್ತವ್ಯ.

ಇಲ್ಲಿ ವ್ಯಾಪಾರಧರ್ಮವೂ ಸೇರಿದೆ. ಕೀಲಿ ತಿರುಗಿಸಿದಾಗ ಈ ದೀಪಗಳು ಕ್ಷಣಕಾಲ ಹೊತ್ತಿ, ಎಲ್ಲ ಸರಿಯಿದ್ದರೆ ಆರುತ್ತವೆ; ದೀಪವೇ ಕೆಟ್ಟಿಲ್ಲವೆಂದು ತೋರಿಸಲು ಈ ವ್ಯವಸ್ಥೆ. ದೀಪ ಸದಾ ಆರಿರುವುದು ಆರೋಗ್ಯದ ಲಕ್ಷಣವಲ್ಲ. ಹಳೆಯ ಬೈಕು ಮಾರುವವನು ದೀಪದ ತಂತಿ ಕಿತ್ತು "ಒಂದೂ ದೀಪ ಹೊತ್ತುವುದಿಲ್ಲ ನೋಡಿ" ಎಂದರೆ ಅವನ ಮಾತಿನ ಅಕ್ಷರ ನಿಜ, ಅರ್ಥ ಸುಳ್ಳು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂಬುದು ಒಂದು: ಒಳ್ಳೆಯದರ ರೂಪವನ್ನು ಕೊಟ್ಟು ಕೆಟ್ಟದ್ದನ್ನು ಮಾರುವುದು. ಒಳ್ಳೆಯ ಅಡಿಕೆಯ ಮೂಟೆಯ ತಳದಲ್ಲಿ ಗೊರಬಲು ತುಂಬುವುದಕ್ಕೂ ಇದಕ್ಕೂ ಭೇದವಿಲ್ಲ. ಭೇದವಿದ್ದರೆ ಇಷ್ಟೇ: ಅಡಿಕೆಯಲ್ಲಿ ಕೊಂಡವನ ಹಣ ಹೋಗುತ್ತದೆ, ಬೈಕಿನಲ್ಲಿ ಕೈಕಾಲು ಹೋಗಬಹುದು.

ಬಸದಿಗಳ ಟ್ರಸ್ಟುಗಳೂ ಈ ವಿಚಾರದಿಂದ ಹೊರಗಿಲ್ಲ. ಲೆಕ್ಕಪರಿಶೋಧಕರು ವರದಿಯಲ್ಲಿ ಬರೆಯುವ ಷರಾ ಒಂದು ಹಳದಿ ದೀಪ. ಜೀರ್ಣೋದ್ಧಾರಕ್ಕೆಂದು ಬಂದ ಹಣ ಊಟೋಪಚಾರಕ್ಕೆ ಖರ್ಚಾಗಿದೆ, ಪೂಜೆಯ ಸವಾಲಿನಲ್ಲಿ ಕೂಗಿ ಒಪ್ಪಿಕೊಂಡ ಮೊತ್ತ ಬಾಕಿಯಿದೆ, ರಸೀದಿಗಳಿಲ್ಲ ಎಂದು ಅವರು ಬರೆದರೆ ಅದು ಅವಮಾನವಲ್ಲ, ಉಪಕಾರ. ಪಂಚಕಲ್ಯಾಣವೋ ಮಹೋತ್ಸವವೋ ನಡೆದ ವರ್ಷ ದಾನದ ಹರಿವು ಜೋರಾಗಿರುತ್ತದೆ; ಓಡುವ ಬೈಕಿಗೆ ಗಾಳಿಯಂತೆ ಅದು ಎಲ್ಲ ಕೊರತೆಯನ್ನೂ ಮರೆಸುತ್ತದೆ. ಬರಗಾಲದ ವರ್ಷ ಆದಾಯ ತೆವಳಿದಾಗ ಷರಾ ಕಾಣುತ್ತದೆ. ಆಗ ಲೆಕ್ಕಪರಿಶೋಧಕರನ್ನೇ ಬದಲಿಸುವ ಸಮಿತಿಯು ದೀಪದ ಮೇಲೆ ಟೇಪು ಅಂಟಿಸಿದಂತೆ. ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಿದ ಸದಸ್ಯನನ್ನು ವಿಘ್ನಕಾರಿಯೆಂದು ಕೂರಿಸುವುದೂ ಅದೇ ಕೆಲಸ. ಅಂತಹ ಟ್ರಸ್ಟು ಒಂದೇ ದಿನದಲ್ಲಿ ನಿಲ್ಲುವುದಿಲ್ಲ; ಆಯಿಲು ಬತ್ತಿದ ಎಂಜಿನ್ನಿನಂತೆ ಒಳಗೊಳಗೇ ಸವೆಯುತ್ತ, ಭಕ್ತರ ವಿಶ್ವಾಸವೆಂಬ ಹಿಂದಿನ ಚಕ್ರ ಬಿಗಿದು ನಿಲ್ಲುವವರೆಗೆ ಓಡುತ್ತಿರುತ್ತದೆ.

ಶಾಸ್ತ್ರಕಾರರು ಪ್ರಮಾದವನ್ನು ಹದಿನೈದು ವಿಧವಾಗಿ ಎಣಿಸಿದ್ದಾರೆ: ವಿಕಥೆ ನಾಲ್ಕು, ಕಷಾಯ ನಾಲ್ಕು, ಇಂದ್ರಿಯ ಐದು, ನಿದ್ರೆ, ಪ್ರಣಯ. ಮಹಾವ್ರತಿಗಳೇ ಆರನೆಯ ಗುಣಸ್ಥಾನದಲ್ಲಿ ಪ್ರಮತ್ತಸಂಯತರೆನಿಸುವಾಗ, ಅಣುವ್ರತಿಯಾದ ಗೃಹಸ್ಥನಿಗೆ ಪ್ರಮಾದವೇ ಬಾರದೆಂದು ಯಾರೂ ಹೇಳಲಾರರು. ಅವನಿಂದ ನಿರೀಕ್ಷಿಸುವುದು ಬೇರೆ: ತನ್ನ ಪ್ರಮಾದವನ್ನು ತಿಳಿಸುವ ಸಾಧನಗಳನ್ನು ಕೆಡಿಸದಿರುವುದು. ದಿನದ ಕೊನೆಯ ಪ್ರತಿಕ್ರಮಣ, ಪಕ್ಷಕ್ಕೊಮ್ಮೆ, ಚಾತುರ್ಮಾಸಕ್ಕೊಮ್ಮೆ, ವರ್ಷಕ್ಕೊಮ್ಮೆ ಮಾಡುವ ಪ್ರತಿಕ್ರಮಣ ಇವು ಕೀಲಿ ತಿರುಗಿಸಿದಾಗ ದೀಪಗಳು ಹೊತ್ತುವಂತಹವು. ಹೊತ್ತುವುದೇ ಇಲ್ಲವೆಂದರೆ ದೋಷವಿಲ್ಲವೆಂದಲ್ಲ, ತಂತಿ ಕಿತ್ತಿದೆಯೆಂದು ಅರ್ಥ.

ಆದುದರಿಂದ ಬೇಸಿಗೆಗೆ ಮುನ್ನ ಆಯಿಲನ್ನು ನೋಡಿ ಬದಲಿಸುವುದು, ಮಕ್ಕಳಿಗೆ ದೀಪಗಳ ಅರ್ಥ ಕಲಿಸುವುದು, ಮಾರುವಾಗ ದೋಷವನ್ನು ಬಾಯಿಬಿಟ್ಟು ಹೇಳುವುದು, ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ಲೆಕ್ಕಪರಿಶೋಧಕರ ಷರಾವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದುವುದು ಇವು ಸಣ್ಣ ಕೆಲಸಗಳೆನಿಸಿದರೂ ಅಹಿಂಸೆ, ಸತ್ಯ, ಅಚೌರ್ಯಗಳೆಂಬ ವ್ರತಗಳ ನಿತ್ಯರೂಪಗಳೇ ಆಗಿವೆ.