ಮೊದಲ ಕಟ್ಟಿನ ಉಡುಗೊರೆ

ಟ್ಯಾರೋ ಕಾರ್ಡು ಬಲ್ಲವರಲ್ಲಿ ಒಂದು ನಂಬಿಕೆಯಿದೆ. ಮೊದಲ ಕಟ್ಟನ್ನು ತಾನಾಗಿ ಕೊಂಡುಕೊಳ್ಳಬಾರದು, ಅದು ಇನ್ನೊಬ್ಬರ ಕೈಯಿಂದ ಬರಬೇಕು ಎನ್ನುತ್ತಾರೆ. ಈಗ ಇದನ್ನು ಲೆಕ್ಕಕ್ಕೆ ಹಿಡಿಯದವರೂ ಬಹಳ. ಆದರೆ ಬನಹಟ್ಟಿಯಲ್ಲಿರುವ ನನ್ನ ಅಣ್ಣನ ಮಗಳು, ದಿನವೂ ಜಮಖಂಡಿಯ ಕಾಲೇಜಿಗೆ ಹೋಗಿಬರುವವಳು, ಮೊಬೈಲಿನಲ್ಲಿ ಆ ಚಿತ್ರಗಳನ್ನು ನೋಡಿ ಆಸೆಪಟ್ಟು "ಕಾಕಾ, ನೀವೇ ಕೊಡಸ್ರಿ" ಎಂದಾಗ, ಆ ನಂಬಿಕೆಯ ಒಳಗೊಂದು ವಿವೇಕ ಅಡಗಿರಬಹುದೇ ಎಂದು ಯೋಚಿಸತೊಡಗಿದೆ. ನಾಳೆಯನ್ನು ಕೇಳುವ ಸಾಧನವೊಂದನ್ನು ಎಳೆಯ ಕೈಗೆ ಇತ್ತ ಮೇಲೆ, ಆ ಕೈ ಹೇಗೆ ಕೇಳಲು ಕಲಿಯುತ್ತದೆ ಎಂಬುದರಲ್ಲಿ ಇತ್ತವರಿಗೂ ಪಾಲು ಇಲ್ಲವೇ?

ನಾಳೆಯನ್ನು ಕೇಳುವುದು ನಮ್ಮ ಸೀಮೆಗೆ ಹೊಸದೇನಲ್ಲ. ನಸುಕಿನಲ್ಲೇ ಬಾಗಿಲ ಮುಂದೆ ನಿಂತು ಹಾಲಕ್ಕಿಯ ಶಕುನ ಹೇಳುವ ಬುಡಬುಡಕಿಯವರು, ಜಾತ್ರೆಯಲ್ಲಿ ಪಂಜರದಿಂದ ಹೊರಬಂದು ಕೊಕ್ಕಿನಿಂದ ಒಂದು ಎಲೆ ಎಳೆದುಕೊಡುವ ಗಿಳಿ, ಮಳೆ-ಬೆಳೆ ಹೇಗೆಂದು ಕೇಳಲು ಜನ ಕಾದು ಕೂರುವ ಬಬಲಾದಿ ಮುತ್ಯಾನ ಕಾಲಜ್ಞಾನ, ಇವೆಲ್ಲ ಇಲ್ಲಿಯ ಬದುಕಿನೊಡನೆ ಬೆಳೆದುಬಂದವು. ಇವನ್ನು ಅಜ್ಞಾನವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಮನಸ್ಸು ಬಾರದು. ಕೃಷ್ಣೆ, ಘಟಪ್ರಭೆಯರು 2019ರ ಆಗಸ್ಟಿನಲ್ಲಿ ಹೊಲ-ಮನೆಗಳಿಗೆ ಹೊಕ್ಕಿದ್ದನ್ನು ಕಂಡವರು ಇಲ್ಲಿಯ ಜನ. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದೆಂದು ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಹೇಳಿದಂದಿನಿಂದ, ಬೀಳಗಿ, ಜಮಖಂಡಿ ಕಡೆಯ ನದಿದಂಡೆಯ ಎಷ್ಟೋ ಮನೆಗಳಲ್ಲಿ, ಮುಳುಗಡೆಯ ಅಂಜಿಕೆಯಿಂದ, ಮಾಡಿಗೆ ಹೊಸ ತಗಡು ಹಾಕಿಸುವುದೋ ಬೇಡವೋ ಎಂಬುದೂ ಒಂದು ದೊಡ್ಡ ಪ್ರಶ್ನೆಯಾಗಿ ಕುಳಿತಿದೆ. ಹಾಗೆ ವರ್ಷಗಟ್ಟಲೆ ತೂಗಾಡುವ ಮನಸ್ಸು ಯಾರಾದರೂ ಒಂದು ಮಾತು ಹೇಳಿಯಾರೇ ಎಂದು ಹಂಬಲಿಸಿದರೆ ಅದರಲ್ಲಿ ತಪ್ಪು ಹುಡುಕುವುದು ಹೇಗೆ?

ಇದರ ಎದುರಿಗೇ ಇನ್ನೊಂದು ದನಿಯೂ ಈ ಮಣ್ಣಿನದೇ. ತಿಥಿ, ವಾರ, ಶಕುನಗಳ ಅಂಜಿಕೆಯನ್ನು ಹನ್ನೆರಡನೆಯ ಶತಮಾನದಲ್ಲೇ ಕಳಚಿಟ್ಟ ಶರಣರ ಕೂಡಲಸಂಗಮ ನಮ್ಮ ಜಿಲ್ಲೆಯಲ್ಲೇ ಇದೆ. ಇಷ್ಟಲಿಂಗ ಕಟ್ಟಿಕೊಂಡ ಮನೆಯ ಹಿರಿಯರು "ಮನ್ಯಾಗ ಇಸ್ಪೀಟ ಎಲಿ ತರಬ್ಯಾಡ್ರಿ" ಎಂದರೆ ಅದು ಬರೀ ಜೂಜಿನ ಹೇವರಿಕೆಯಿಂದ ಬಂದ ಮಾತಲ್ಲ, ತನ್ನ ದುಡಿಮೆಯ ಫಲವನ್ನು ಎಲೆಯೊಂದರ ಕೈಗೆ ಒಪ್ಪಿಸಲಾರೆ ಎಂಬ ಸ್ವಾಭಿಮಾನವೂ ಅದರಲ್ಲಿದೆ. ಹುಡುಗಿಯ ಆಸೆಯನ್ನೂ ಹಿರಿಯರ ಈ ಮಾತನ್ನೂ ಒಟ್ಟಿಗೆ ಗೌರವಿಸುವ ಕಟ್ಟೊಂದು ಸಿಕ್ಕೀತೇ ಎಂದು ಹುಡುಕಿದೆ.

ಹುಡುಕುವಾಗ ತಿಳಿದ ಮೊದಲ ಸಂಗತಿಯೇ ಮನಸ್ಸನ್ನು ಹಗುರ ಮಾಡಿತು. ಟ್ಯಾರೋ ಹುಟ್ಟಿದ್ದು ಹದಿನೈದನೆಯ ಶತಮಾನದ ಉತ್ತರ ಇಟಲಿಯಲ್ಲಿ, ಆಟಕ್ಕಾಗಿ. ಘಟ್ಟದ ಕೆಳಗಿನ ಸಾವಂತವಾಡಿಯಲ್ಲೂ, ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರಿನಲ್ಲೂ ಗಂಜೀಫಾ ಎಲೆಗಳನ್ನು ಬರೆಸಿ ಆಡುತ್ತಿದ್ದಂತೆ ಅಲ್ಲಿಯೂ ಸಿರಿವಂತರು ಚಿತ್ರ ಬರೆಸಿ ಆಡಿದರು. ಅದರಲ್ಲಿ ಈಜಿಪ್ಟಿನ ಪ್ರಾಚೀನ ರಹಸ್ಯವಿದೆ ಎಂದು ಫ್ರಾನ್ಸಿನ ವಿದ್ವಾಂಸನೊಬ್ಬ ಬರೆದದ್ದು 1781ರಲ್ಲಿ. ಭವಿಷ್ಯದ ಭಾರವನ್ನು ಆ ಎಲೆಗಳು ಹೊತ್ತದ್ದು ಬಹುಮಟ್ಟಿಗೆ ಅಲ್ಲಿಂದೀಚೆಗೆ.

ಕೊನೆಗೆ ನಾನು ಆರಿಸಿದ್ದು ಬಹುತೇಕ ಎಲ್ಲರೂ ಹೊಸಬರಿಗೆ ಕೊಡುವ ಕಟ್ಟನ್ನೇ, 1909ರಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದನ್ನು. ಹಳೆಯ ಕಟ್ಟುಗಳ 78 ಎಲೆಗಳಲ್ಲಿ 22 ದೊಡ್ಡ ಎಲೆಗಳಿಗೂ ರಾಜ-ರಾಣಿಯರಿಗೂ ಚಿತ್ರವಿರುತ್ತಿತ್ತು, ಉಳಿದವುಗಳಲ್ಲಿ ಹೆಚ್ಚಾಗಿ ಬರೀ ಬಟ್ಟಲು, ಕತ್ತಿಗಳ ಎಣಿಕೆ. ಇದರಲ್ಲಿ ಆ ಸಣ್ಣ ಎಲೆಗಳಲ್ಲೂ ಮನುಷ್ಯರಿದ್ದಾರೆ. ನಾಣ್ಯಗಳ ಎಂಟನೆಯ ಎಲೆಯನ್ನು ನೋಡಿ: ಯುವಕನೊಬ್ಬ ಹಲಗೆಯ ಮೇಲೆ ಕುಳಿತು, ತಲೆ ಬಗ್ಗಿಸಿ, ಒಂದೊಂದೇ ನಾಣ್ಯವನ್ನು ಸುತ್ತಿಗೆಯಿಂದ ಕೆತ್ತುತ್ತಿದ್ದಾನೆ, ಮುಗಿದವು ಪಕ್ಕದ ಕಂಬಕ್ಕೆ ಸಾಲಾಗಿ ಏರಿವೆ, ಊರು ದೂರದಲ್ಲಿದೆ. ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ಆ ಬಗ್ಗಿದ ಬೆನ್ನು ಯಾರದೆಂದು ಯಾವ ಪುಸ್ತಕ ಹೇಳಿಕೊಡಬೇಕು?

ಈ ಚಿತ್ರಗಳನ್ನೆಲ್ಲ ಬರೆದವಳು ಪಮೇಲಾ ಕೋಲ್‌ಮನ್ ಸ್ಮಿತ್. ಕಟ್ಟಿಗೆ ನಿಂತ ಹೆಸರು ಮಾತ್ರ ಪ್ರಕಾಶಕ ರೈಡರನದು, ಬರೆಸಿದ ವೇಟನದು. ಅಷ್ಟು ದೊಡ್ಡ ಕೆಲಸಕ್ಕೆ ಸಿಕ್ಕ ಹಣ ಬಹಳ ಕಡಿಮೆ ಎಂದು ಆಕೆಯೇ ಗೆಳೆಯರೊಬ್ಬರಿಗೆ ಬರೆದಿದ್ದಳು. 1951ರಲ್ಲಿ ಬಡತನದಲ್ಲೇ ತೀರಿಕೊಂಡಳು. ಎಲೆಯ ಮೂಲೆಯಲ್ಲಿ ಅವಳ ಪುಟ್ಟ ಸಹಿಯೊಂದು ಉಳಿದಿದೆ. ರಬಕವಿ-ಬನಹಟ್ಟಿಯ ಸೀರೆಯ ಮೇಲೆ ನೇಯ್ದವರ ಸಹಿ ಅಷ್ಟೂ ಇರುವುದಿಲ್ಲ. ಅರ್ಥದ ಪುಸ್ತಕ ತೆರೆಯುವ ಮೊದಲು ಆ ಸಹಿಯನ್ನು ಹುಡುಕು ಎಂದು ಹುಡುಗಿಗೆ ಹೇಳಿದೆ. ಅಗ್ಗದ ನಕಲಿ ಕಟ್ಟುಗಳಲ್ಲಿ ಬಣ್ಣ ಕಲಸಿ ಆ ಗುರುತೂ ಅಳಿಸಿಹೋಗಿರುತ್ತದೆ; ನಾಲ್ಕು ಕಾಸು ಹೆಚ್ಚಾದರೂ ಒಳ್ಳೆಯ ಅಚ್ಚನ್ನೇ ತರಿಸಲು ಇದೂ ಒಂದು ಕಾರಣ.

"ಕಾಕಾ, ಇದರಾಗ ಖರೇನ ಮುಂದಿಂದು ಕಾಣತೈತೇನ್ರಿ?" ಎಂದಳು. ಅವರ ಮನೆಯ ಮಗ್ಗದ ಮೇಲೆ ಜಕಾರ್ಡು ಇದೆ. ತೂತು ಹೊಡೆದ ರಟ್ಟಿನ ಪಟ್ಟಿಗಳು ಒಂದರ ಹಿಂದೊಂದು ತಿರುಗುತ್ತವೆ. ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಸುಮ್ಮನಿರುತ್ತದೆ, ಸೆರಗಿನ ಹೂವು ಅಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಮುಂದಿನದನ್ನು ನಿಜವಾಗಿ ಬಲ್ಲ ಎಲೆಗಳು ಅವು, ಏಕೆಂದರೆ ಯಾರೋ ಕುಳಿತು ಲೆಕ್ಕ ಹಾಕಿ ಆ ತೂತು ಹೊಡೆದಿದ್ದಾರೆ. ನಮ್ಮ ನಾಳೆಗೆ ಹಾಗೆ ತೂತು ಹೊಡೆದಿಟ್ಟ ರಟ್ಟಿಲ್ಲ ಎಂದು ನಾನು ನಂಬುತ್ತೇನೆ, ಅವಳಿಗೂ ಅದನ್ನೇ ಹೇಳಿದೆ. ಹಾಗಾದರೆ ಇದೇಕೆ ಎಂದು ಕೇಳಿದಳು. ಚಿತ್ರವೊಂದನ್ನು ಎದುರಿಗಿಟ್ಟುಕೊಂಡಾಗ, ನೇರವಾಗಿ ಕೇಳಿದರೆ ಬಾಯಿ ಬಿಡದ ಮನಸ್ಸು ಕೆಲವೊಮ್ಮೆ ತಾನಾಗಿ ಮಾತಾಡುತ್ತದೆ. ಹದಿಮೂರನೆಯ ಎಲೆಯಲ್ಲಿ ಸಾವು ಬಿಳಿ ಕುದುರೆಯೇರಿ ಬರುತ್ತದೆ, ಅರಸ ನೆಲಕ್ಕುರುಳಿದ್ದಾನೆ, ಮಗುವೊಂದು ಮುಖವೆತ್ತಿ ನೋಡುತ್ತಿದೆ, ಹಿಂದೆ ಎರಡು ಗೋಪುರಗಳ ನಡುವೆ ಸೂರ್ಯನಿದ್ದಾನೆ. ಇದರಲ್ಲಿ ಒಬ್ಬರ ಕಣ್ಣು ಕುದುರೆಯ ಮೇಲೆ ನಿಲ್ಲುತ್ತದೆ, ಇನ್ನೊಬ್ಬರದು ಮಗುವಿನ ಮೇಲೆ. ಎಲ್ಲಿ ನಿಂತಿತೆಂದು ತಿಳಿದರೆ ಅಂದಿನ ಮಟ್ಟಿಗೆ ತನ್ನ ಬಗ್ಗೆ ಏನೋ ಒಂದು ತಿಳಿದಂತೆ.

ನನಗೆ ಅಂಜಿಕೆ ಇರುವುದು ಅವಳು ಇತರರಿಗೆ ಎಲೆ ಹಾಕಿ ಹೇಳತೊಡಗುವ ದಿನದ ಬಗ್ಗೆ. ಓಣಿಯ ಹೆಂಗಸರು ಬರುತ್ತಾರೆ. ಮಗಳಿಗೆ ಗಂಡು ಸಿಗುತ್ತದೆಯೇ, ಗಂಡನ ಕೆಮ್ಮು ವಾಸಿಯಾದೀತೇ ಎನ್ನುತ್ತಾರೆ. ನಂಬಿ ಬಂದವರ ಕಣ್ಣೀರಿನ ಎದುರು ದೊಡ್ಡವಳಾಗಿಬಿಡುವ ಆಸೆ ಯಾವ ವಯಸ್ಸಿನಲ್ಲಾದರೂ ಹುಟ್ಟೀತು. ಅದಕ್ಕೇ ಕಟ್ಟು ಕೊಡುವಾಗ ಎರಡು ಮಾತು ಕೇಳಿಕೊಂಡೆ: ಕಾಯಿಲೆಗೆ ಎಲೆ ತಿರುವಬೇಡ, ದುಡ್ಡು ಮುಟ್ಟಬೇಡ. ಬೀಳಗಿ ಕಡೆಯಿಂದ ಅವಳ ಸೋದರತ್ತೆ ಬಂದು ನಮ್ಮ ಹೊಲ ನೀರಾಗ ಹೋಗತೈತೇನು ಎಂದು ಕೇಳಿದರೆ, ಆ ಮುದುಕಿಯ ಚೀಲದಲ್ಲಿ ಮಡಚಿಟ್ಟ ಭೂಸ್ವಾಧೀನದ ನೋಟಿಸು ಇರುತ್ತದೆ, ಅದನ್ನು ಈಸಿಕೊಂಡು ಸಾವಕಾಶ ಓದಿ, ಸರ್ವೆ ನಂಬರು ಯಾವುದು, ತಕರಾರು ಕೊಡಲು ಕಡೆಯ ದಿನ ಯಾವುದು ಎಂದು ಬಿಡಿಸಿ ಹೇಳು ಎಂದೆ. "ಅದನ್ನ ಓದಾಕ ನನಗ ಬರತೈತ್ರಿ" ಎಂದಳು.